ದೋಸ್ತನ ಸಲುವಾಗಿ ಒಯ್ಯೋ ಪುಸ್ತಕಗಳು

ಕಿರಾಣಿ ಅಂಗಡಿಗೆ ಬಂದ ಮನಿಷ್ಯಾ ಅಕ್ಕಿ ನನಗ ಬೇಕಂತ ನೇರ ಹೇಳ್ತಾನ. ಪುಸ್ತಕದ ಅಂಗಡಿಗೆ ಬಂದಾಂವ ಮಾತ್ರ ಸುಳ್ಳು ಹೇಳ್ತಾನ. ಗೋವಾದ ವಾಸ್ಕೋದಾಗ ಆರು ವರ್ಷ ಪುಸ್ತಕ ಮಾರೀನಿ ನಾನು, ವಾರಕ್ಕೊಂದರ ಇಂಥಾ ಫಜೀತಿ ಆಗದ ಉಳದಿಲ್ಲ.

ಎರಡು ಸಾವಿರದ ಹತ್ತರ ಸುಮಾರಿನ ಮಾತು. ಅಂಗಡಿ ಮಾಲಕರು ಗೋವಾದ ಹೆಣ್ಮಗಳು, ಅರವತ್ತು ದಾಟಿದ್ರು. ನಾನು ಬಾಯಾರು ಅಂತ ಕರೀತಿದ್ದೆ. ಅವರು ಒಂದಿನ ಬಾಗಿಲದ ಎದುರಿಗೇ ಹೊಸ ಕಪಾಟು ಇಡಿಸಿ ಪುಸ್ತಕ ತುಂಬಿಸಿದ್ರು. ಇಬ್ರು ಗಂಡಸರ ಪ್ರೀತಿ ಕಾದಂಬರಿ, ಇಬ್ರು ಹೆಂಗಸರ ಪ್ರೀತಿ ಕಾದಂಬರಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರ ಕವಿತಾ. ನಾನು ವಿಜಾಪುರದಾಗ ಇಂಗ್ಲಿಷ್ ತಗೊಂಡು ಬಿಎ ಮಾಡಿದಾಂವ. ಹಿಂಗಾಗಿ ಎಲ್ಲಾ ಓದಿ, ಯಾವುದು ಚಲೋ ಅಂತ ಗಿರಾಕಿಗೆ ಹೇಳೋ ಕೆಲಸ ನನಗ ಬಂತು.

ಹೇಳದಿದ್ರೂ ನಾ ಓದಾಂವನ ಇದ್ದೆ, ಬಿಡ್ರಿ. ನನ್ನ ಮನಸ್ಸೂ ಗಂಡಸರ ಕಡೆನ. ಆದ್ರ ವಯಸ್ಸು ಮೂವತ್ತು ದಾಟಿತ್ತು, ದಾಬೋಲಿಮ್‌ದಾಗ ಅಕ್ಕನ ಮನ್ಯಾಗಿದ್ದೆ, ಅಕ್ಕ ನನಗ ಕನ್ಯಾ ನೋಡಾಕತ್ತಿದ್ಲು. ತಾಯಿ ಸತ್ತ ಮ್ಯಾಲ ನನ್ನ ಬೆಳಿಸಿದಾಕಿ ಆಕಿನ. ಖರೇ ಹೇಳಿದ್ರ ಅಕ್ಕನ್ನ ಕಳಕೊಳ್ಳೋ ಅಂಜಿಕಿ, ಹೇಳದಿದ್ರ ಯಾವುದೋ ಹುಡುಗಿ ಬಾಳ್ವೆ ಹಾಳು ಮಾಡೋ ಪಾಪ. ಮನ್ಯಾಗ ಪುಸ್ತಕ ಹಿಡಿದಾಗೆಲ್ಲಾ, ಇದು ಗಿರಾಕಿ ಸಲುವಾಗಿ ಓದಾಕತ್ತೇನಿ ಅಂತಿದ್ದೆ. ಅಂದ್ರ ಸುಳ್ಳು ಹೇಳೋರ ಸಾಲಿನ್ಯಾಗ ನಾನೂ ಒಬ್ಬ.

೧. ಊಟಾ ಬಿಟ್ಟ ದೋಸ್ತ

ಒಬ್ಬ ಆಫೀಸಿನ ಸಾಹೇಬ್ರು. ದಪ್ಪ ಮೀಸಿ, ಇಸ್ತ್ರಿ ಮುರೀದ ಅಂಗಿ. ಮೂರು ಸಲ ಬಂದು ಅಡಿಗಿ ಪುಸ್ತಕ ತಿರುವಿ ಹಾಕಿ ಹೋದ್ರು. ನಾಲ್ಕನೇ ಸಲ ಹೊಸ ಕಪಾಟಿನ ಮುಂದ ನಿಂತು, ನನ್ನ ದೋಸ್ತಗ ಒಂದು ಪ್ರೀತಿ ಕಾದಂಬರಿ ಬೇಕಾಗೇತಿ, ಅಂವ ಸ್ವಲ್ಪ ಬ್ಯಾರೆ ನಮೂನಿ ಮನಿಷ್ಯಾ ಅಂದ್ರು. ನಾನು ಅಗದೀ ಗಂಭೀರ ಆಗಿ ದೋಸ್ತನ ವಯಸ್ಸು, ಸ್ವಭಾವ ಎಲ್ಲಾ ಕೇಳಿ ಇಬ್ರು ಮೀನುಗಾರರ ಕಥಿ ಇದ್ದ ಕಾದಂಬರಿ ಕೊಟ್ಟೆ.

ಎಂಟು ದಿವಸಕ್ಕ ತಿರುಗಿ ಬಂದ್ರು, ಸಿಟ್ಟಿಲೆ. ಕಡೀಗೆ ಇಬ್ರೂ ಅಗಲ್ತಾರಂತ ಮೊದಲ ಯಾಕ ಹೇಳಲಿಲ್ಲ ಅಂತ ನನ್ನ ಮ್ಯಾಲ ಹರಿಹಾಯ್ದ್ರು. ದೋಸ್ತ ಎರಡು ದಿವಸದಿಂದ ಊಟಾ ಬಿಟ್ಟಾನಂತ, ಅತ್ತು ಅತ್ತು ಕಣ್ಣು ಬಾತಾವಂತ. ಹೇಳೋರ ಕಣ್ಣು ನೋಡಿದೆ, ಟೊಮ್ಯಾಟೊ ಆಗಿದ್ವು. ನನಗ ಪಾಪ ಅನಿಸ್ತು.

"ನಿಮ್ಮ ದೋಸ್ತಗ ಹೇಳ್ರಿ ಸಾಹೇಬ್ರ, ಕಣ್ಣಿಗೆ ತಣ್ಣೀರ ಅರಿವಿ ಇಟ್ಕೊಂಡ್ರ ಬಾವು ಇಳೀತದ," ಅಂದೆ.

"ಇಟ್ಕೊಂಡಿದ್ದೆ, ಇಳೀಲಿಲ್ಲ," ಅಂದ್ರು.

೨. ಕನ್ನಡ ಪೇಪರಿನ ಹೊದಿಕಿ

ಈ ಪುಸ್ತಕಗಳ ಮುಖಪುಟನ ಒಂದು ತ್ರಾಸು. ಬಸ್ಸಿನ್ಯಾಗ ತಗದು ಓದಾಕ ಮಂದಿ ನಾಚ್ತಿದ್ರು. ನಾನು ಉಪಾಯ ಮಾಡಿದೆ. ದಿನಾ ಬಸ್‌ಸ್ಟ್ಯಾಂಡಿನ್ಯಾಗ ಕನ್ನಡ ಪೇಪರ್ ಕೊಳ್ತಿದ್ದೆ, ಹಳೇವು ಮನ್ಯಾಗ ಗುಡ್ಡಾ ಬಿದ್ದಿದ್ವು. ಅವನ್ನ ತಂದು ಪುಸ್ತಕಕ್ಕ ಹೊದಿಕಿ ಹಾಕಿ ಕೊಡಾಕ ಶುರು ಮಾಡಿದೆ. ಗೋವಾದಾಗ ಕನ್ನಡ ಅಕ್ಷರ ಯಾರು ಓದ್ತಾರ, ಗುಟ್ಟು ಗಟ್ಟಿ ಉಳೀತದ ಅಂತ ನನ್ನ ಲೆಕ್ಕ.

ಎರಡು ತಿಂಗಳದಾಗ ಲೆಕ್ಕ ಉಲ್ಟಾ ಆತು. ಇಂಗ್ಲಿಷ್ ಪುಸ್ತಕಕ್ಕ ಕನ್ನಡ ಪೇಪರ್ ಹೊದಿಸಿದ್ರ ಅದು ನಮ್ಮ ಕಪಾಟಿನದ ಅಂತ ಓದೋರಿಗೆಲ್ಲಾ ಗೊತ್ತಾತು. ಪಣಜಿ ಬಸ್ಸಿನ್ಯಾಗ ಇಬ್ರು ಹುಡಿಗ್ಯಾರು ಒಬ್ಬರ ಪುಸ್ತಕ ಒಬ್ಬರು ನೋಡಿ ಸೀಟು ಬದಲಿ ಮಾಡಿ ಬಾಜೂ ಬಾಜೂಕ ಕೂತ್ರಂತ. ಮುಚ್ಚಾಕ ಹಾಕಿದ ಹೊದಿಕಿನ ಊರಿಗೆಲ್ಲಾ ಗುರುತು ಹೇಳಾಕತ್ತಿತ್ತು.

ಇಷ್ಟಕ್ಕ ಮುಗದಿದ್ರ ಚಲೋ ಇತ್ತು. ಅಕ್ಕನ ಗಂಡ, ನಮ್ಮ ಮಾಮಾ, ಗೌಂಡಿ ಕೆಲಸದಾಂವ. ಅಕ್ಕ ಅಂವಗ ರೊಟ್ಟಿ ಮಡಿಚಿ, ಅದ ಗುಡ್ಡದಾನ ಪೇಪರಿನ್ಯಾಗ ಚೌಕ ಕಟ್ಟಿ ಕೊಡ್ತಿದ್ಲು. ಒಂದಿನ ಮಾಮಾ ತೊಡಿ ಮ್ಯಾಲ ಪೊಟ್ಟಣ ಇಟ್ಕೊಂಡು ಬಸ್ಸಿನ್ಯಾಗ ಕೂತಿದ್ದಾನ. ಕನ್ನಡಕ ಹಾಕಿದ ಹುಡುಗೊಬ್ಬ ಬಾಜೂಕ ಕೂತು ಪೊಟ್ಟಣ ನೋಡಿ ನಕ್ಕು, ಸಣ್ಣ ದನಿಲೆ, ಅರ್ಧಾ ಮುಗೀತೇನ್ರಿ ಅಂತ ಹಿಂದಿ ಭಾಷಾದಾಗ ಕೇಳ್ಯಾನ. ಹುಡುಗಗ ಹಸಿವಿ ಆಗೇತಿ ಅಂತ ತಿಳದು ಮಾಮಾ ಪೊಟ್ಟಣ ಬಿಚ್ಚಿ ಅರ್ಧಾ ರೊಟ್ಟಿ, ಶೇಂಗಾ ಚಟ್ನಿ ಕೈಯಾಗ ಇಟ್ಟಾನ. ಮನಿಗೆ ಬಂದು, ಗೋವಾದ ಹುಡುಗ್ರು ಭಾಳ ಸಂಭಾವಿತರು, ಕಣ್ಣಾಗ ನೀರು ತಂದು ತಿಂದ ಅಂತ ಹೇಳಿದ. ನಾನು ತಾಟಿನಿಂದ ತಲಿ ಮ್ಯಾಲ ಎತ್ತಲಿಲ್ಲ.

ಮರುದಿವಸ ಆ ಹುಡುಗ ಅಂಗಡಿಗೆ ಬಂದ. ನಿಮ್ಮ ಕನ್ನಡ ಮಂದ್ಯಾಗ ನಮ್ಮಂಥಾ ಹಿರಿಯರು ಭಾಳ ಅಂತಃಕರಣದವರು, ಬರೇ ಪುಸ್ತಕ ವಿಚಾರಿಸಿದ್ರ ಊಟಾನ ಹಾಕ್ತಾರ ಅಂದ.

೩. ಕೆಂಪು ಪೆನ್ನು

ಒಂದು ಮಧ್ಯಾಹ್ನ ಬಾಯಾರು ಊಟಕ್ಕ ಹೋಗಿದ್ರು. ಗಂಜಿ ಹಾಕಿದ ಕಾಟನ್ ಸೀರಿ ಉಟ್ಟ ಹೆಣ್ಮಗಳು ಸೀದಾ ಬಂದು ಟೇಬಲ್ ಮ್ಯಾಲ ಒಂದು ಕವಿತಾ ಪುಸ್ತಕ ಕುಕ್ಕಿದ್ರು. ಹೆಣ್ಣು ಹೆಣ್ಣಿಗೆ ಬರೆದ ಕವಿತಾ. ಮಗಳ ದಿಂಬಿನ ಕೆಳಗ ಸಿಕ್ತಂತ. ಇದು ನಿಮ್ಮಲ್ಲಿದ ಹೌದಲ್ಲೋ ಅಂತ ಕೇಳಿದ್ರು. ಹೊದಿಕಿ ನಂದು, ಇಲ್ಲ ಅನ್ನಾಕ ಬರೂದಿಲ್ಲ. ಹೌದ್ರಿ ಅಂದೆ. ಇವತ್ತು ಅಂಗಡಿಗೆ ಕಲ್ಲು ಬೀಳ್ತಾವ ಅನ್ಕೊಂಡೆ.

ಅವರು ಪುಸ್ತಕ ತೆರೆದ್ರು. ಹೈಸ್ಕೂಲ್ ಟೀಚರ್ ಇರಬೇಕು, ತುಂಬ ಕೆಂಪು ಪೆನ್ನಿನ ಗುರುತು. ಒಂದೊಂದು ಕವಿತಾಕ್ಕೂ ಮಾರ್ಕ್ಸ್ ಕೊಟ್ಟಿದ್ರು. ಹತ್ತರೊಳಗ ಮೂರು, ಹತ್ತರೊಳಗ ಎರಡು. ಏಳು ಕವಿತಾ ನಾಪಾಸು.

"ನನ್ನ ಮಗಳು ಯಾರನ್ನರ ಪ್ರೀತಿಸ್ಲಿ," ಅಂದ್ರು. "ಇಂಥಾ ಕವಿತಾ ಓದಬಾರದು. ಇದಕ್ಕಿಂತ ಚಲೋದು ಐತೇನು?"

ಚಲೋದು ಹುಡುಕಿ ಕೊಟ್ಟೆ. ಅವರು ಹೋದ ಮ್ಯಾಲ ಹಿಂದಿನ ಗೋದಾಮಿಗೆ ಹೋಗಿ ಸ್ವಲ್ಪ ಅತ್ತೆ. ನಮ್ಮಕ್ಕ ಹಿಂಗ ಒಂದು ಮಾತು ಅಂದ್ರ ಸಾಕಾಗಿತ್ತು, ಮಾರ್ಕ್ಸ್ ಎಷ್ಟರ ಕಡಿಮಿ ಕೊಡ್ಲಿ.

೪. ಉಸಗಾಂವದ ಬೀಗರು

ಅಷ್ಟೊತ್ತಿಗೆ ಐದು ಕಡೆ ಕನ್ಯಾ ನೋಡಿ ಆಗಿತ್ತು. ಐದೂ ಮನಿಯವರು ಒಲ್ಲೆ ಅಂದಿದ್ರು. ಒಳಗೊಳಗ ಖುಷಿ ಆದ್ರೂ ಖರೇ ಹೇಳ್ತೇನಿ, ಸ್ವಲ್ಪ ಅವಮಾನನೂ ಆಗಿತ್ತು. ಕನ್ನಡಿ ಮುಂದ ನಿಂತು, ನಾ ಇಷ್ಟು ಕೆಟ್ಟ ಅದೀನೇನು ಅಂತ ನೋಡ್ಕೊಂಡಿದ್ದೆ.

ಆರನೇದು ಉಸಗಾಂವದ ಮನಿ. ಅವರು ಹಠ ಹಿಡದಾರ, ಐತವಾರ ಬಂದು ಲಗ್ನ ಗಟ್ಟಿ ಮಾಡೇ ಹೋಗ್ತಾರ ಅಂತ ಮಾಮಾ ಹೇಳಿದ. ನನಗ ಅನ್ನ ಇಳೀಲಿಲ್ಲ. ಶನಿವಾರ ಸಂಜಿಕೆ ಅಕ್ಕ ರೊಟ್ಟಿ ಬಡಿಯಾಕತ್ತಿದ್ಲು, ಹೋಗಿ ಒಲಿ ಮುಂದ ಕೂತೆ.

"ಅಕ್ಕಾ, ನನಗ ಹುಡಿಗ್ಯಾರ ಮ್ಯಾಲ ಮನಸ್ಸಿಲ್ಲ. ಯಾವತ್ತೂ ಇರಲಿಲ್ಲ. ನನ್ನ ಮನಸ್ಸು ಗಂಡಸರ ಕಡೆ ಐತಿ."

ಅಕ್ಕ ಕೈ ನಿಲ್ಲಿಸಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಆಮ್ಯಾಲ ನನ್ನ ಕಡೆ ನೋಡಿದ್ಲು.

"ನಿನ್ನ ಎತ್ತಿ ಆಡಿಸಿದಾಕಿ ನಾ. ನನಗ ಗೊತ್ತಿಲ್ಲೇನು? ನೀ ಬಾಯಿ ಬಿಡ್ಲಿ ಅಂತ ಕಾಯಾಕತ್ತಿದ್ದೆ."

ನನಗ ಅಳು ತಡೀಲಿಲ್ಲ. ಮತ್ತ ಐದು ಕಡೆ ಕನ್ಯಾ ಯಾಕ ತೋರ್ಸಿದಿ ಅಂತ ಅಳಕೋತನ ಕೇಳಿದೆ. ಮಾಮಾ ಮತ್ತು ಬಳಗದವರ ಬಾಯಿ ಮುಚ್ಚಾಕ ನೋಡಬೇಕಿತ್ತಂತ. ಆದ್ರ ಪ್ರತಿ ಸಲ ಮರುದಿವಸ ಆಕಿನ ಗುಟ್ಟಾಗಿ ಫೋನ್ ಮಾಡಿ ಮುರೀತಿದ್ಲಂತ. ಮೊದಲನೇ ಮನಿಗೆ ನಾನು ಕುಡೀತೇನಿ ಅಂದಾಳ. ಎರಡನೇದಕ್ಕ ಮೂರ್ಛೆ ರೋಗ. ಮೂರನೇದಕ್ಕ ಮಟಕಾ. ನಾಲ್ಕನೇದಕ್ಕ ಊರಾಗ ಮೊದಲನೇ ಹೆಂಡ್ತಿ ಅದಾಳ. ಐದನೇದಕ್ಕ ಪುರಸೊತ್ತು ಇರಲಿಲ್ಲಂತ, ಎಲ್ಲಾ ಕೂಡೇ ಹೇಳ್ಯಾಳ. ಇಡೀ ದಾಬೋಲಿಮ್‌ದಾಗ ನನ್ನ ಮರ್ಯಾದಿ ಯಾವ ಮಟ್ಟಕ್ಕಿತ್ತು ಅಂತ ನನಗ ಅವತ್ತ ತಿಳೀತು.

"ನಾಳೆ ಉಸಗಾಂವದವ್ರು?" ಅಂತ ಕೇಳಿದೆ.

"ಬರೂದಿಲ್ಲ," ಅಂದ್ಲು ಅಕ್ಕ. "ಭಾಳ ಗಟ್ಟಿ ಮಂದಿ ಅವ್ರು. ಕುಡೀತಾನ ಅಂದೆ, ಗಂಡಸರು ಕುಡೀದ ಏನ್ ಮಾಡ್ತಾರ ಅಂದ್ರು. ಮೂರ್ಛೆ ಅಂದೆ, ಔಷಧ ಮಾಡಿಸ್ತೇವಿ ಅಂದ್ರು. ಮೊದಲನೇ ಹೆಂಡ್ತಿ ಅದಾಳ ಅಂದೆ, ಊರಾಗಿದ್ರ ಇರ್ಲಿ ಬಿಡ್ರಿ ಅಂದ್ರು. ನನಗ ಎಲ್ಲಾ ಸುಳ್ಳು ತೀರಿ ಹೋತು. ಕಡೀಗೆ, ನಮ್ಮ ಹುಡುಗ ದಿನಾ ಕೂತು ಕವಿತಾ ಓದ್ತಾನ್ರಿ ಅಂತ ಖರೇದ ಹೇಳಿದೆ. ಫೋನ್ ಇಟ್ಟ ಬಿಟ್ರು."