ತೋಟದ ರೈಲಿಗೆ ಎಂಜಿನ್ ಆರಿಸಿದ ಪ್ರಕರಣ

ನೀರನ್ನು ಕುದಿಸಿ, ಅದರ ಆವಿಯಿಂದ ಯಾವುದೇ ಚಕ್ರವನ್ನು ತಿರುಗಿಸಬಯಸುವವರು ಮುಂಚಿತವಾಗಿ ಬಾಯ್ಲರ್ ತಪಾಸಣಾ ಕಚೇರಿಯ ಅನುಮತಿ ಪಡೆಯತಕ್ಕದ್ದು ಎಂದು ನಿಯಮ ಹದಿನೇಳು ಹೇಳುತ್ತದೆ. ಚಕ್ರ ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ನಿಯಮ ಮೌನವಾಗಿದೆ. ಮೌನವನ್ನು ಸಮ್ಮತಿ ಎಂದು ಜನ ತಿಳಿಯುತ್ತಾರೆ. ಕಚೇರಿ ಹಾಗೆ ತಿಳಿಯುವುದಿಲ್ಲ.

ಲೇತ್ ಮೇಸ್ತ್ರಿಗಳು ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆದು ನಿವೃತ್ತರಾದವರು. ಮನೆಯ ಹಿಂದಿನ ತೋಟದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಹಾಯ್ದು ಟೊಮೇಟೊ ಪಾತಿಯನ್ನು ಬಳಸಿ ಬರುವಂತೆ, ಮೂರು ಬೆರಳಗಲದ ಪುಟ್ಟ ಹಳಿಯನ್ನು ಅವರೇ ಹಾಸಿದ್ದರು. ಸೇತುವೆ ಇತ್ತು. ಒಡೆದ ಕೊಳವೆಯೊಂದು ಸುರಂಗವಾಗಿತ್ತು. ಎಂಜಿನ್ ಮಾತ್ರ ಇರಲಿಲ್ಲ. ಯಾವುದನ್ನು ಕೊಳ್ಳುವುದೆಂದು ಎರಡು ವರ್ಷದಿಂದ ಯೋಚಿಸುತ್ತಿದ್ದರು.

"ನನ್ನನ್ನ ಮದುವೆ ಆಗೋಕೆ ಒಂದೇ ಸಂಜೇಲಿ ಒಪ್ಪಿಕೊಂಡ್ರಿ. ಈ ಡಬ್ಬಿಗೆ ಇಷ್ಟು ಯೋಚನೇನಾ?" ಎಂದರು ಅವರ ಹೆಂಡತಿ.

"ನಿನ್ನ ವಿಷಯದಲ್ಲಿ ಮೂರು ಥರ ಇರಲಿಲ್ಲ ಕಣೇ."

ಎಂಜಿನ್‌ನಲ್ಲಿ ನಿಜವಾಗಿಯೂ ಮೂರು ಥರ ಇದ್ದವು. ಸ್ಪಿರಿಟ್‌ನಲ್ಲಿ ಉರಿಯುವ ಕೆಂಪು ಎಂಜಿನ್ ಅಗ್ಗದ್ದು, ಆದರೆ ಗಾಳಿ ಬೀಸಿದರೆ ಆರುತ್ತಿತ್ತು. ಗ್ಯಾಸಿನ ನೀಲಿ ಎಂಜಿನ್ ಯಾವ ತಂಟೆಯೂ ಇಲ್ಲದೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮೂರನೆಯದು ಕಪ್ಪು ಎಂಜಿನ್, ಮೊಳದುದ್ದ, ನಿಜವಾದ ಕಲ್ಲಿದ್ದಲಿನದು; ಅದಕ್ಕೆ ಗಳಿಗೆಗೊಮ್ಮೆ ಚಮಚದಲ್ಲಿ ಕಲ್ಲಿದ್ದಲು ಉಣಿಸಬೇಕು, ನೀರು ಕುಡಿಸಬೇಕು, ಮೈ ಒರೆಸಬೇಕು. ಮೇಸ್ತ್ರಿಗಳ ಮನಸ್ಸು ಇದ್ದದ್ದು ಅದರ ಮೇಲೆ. ಟೊಮೇಟೊ ಪಾತಿಯ ತಿರುವಿನಲ್ಲಿ ಅದು ಹೊರಳೀತೇ ಎಂಬುದೊಂದೇ ಅನುಮಾನ.

ಅಂಗಡಿಯವನು ಉದಾರಿ. "ಮೂರನ್ನೂ ತಗೊಂಡು ಹೋಗಿ ಯಜಮಾನ್ರೇ. ಕಚೇರಿಯವರು ಯಾವುದಕ್ಕೆ ಹೂಂ ಅಂತಾರೋ ಅದನ್ನ ಇಟ್ಕೊಳ್ಳಿ, ಉಳಿದದ್ದು ವಾಪಸ್ ಕೊಡಿ," ಎಂದ.

ಕಚೇರಿಯ ಹಿರಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು. "ತೋಟ ಅಂತ ಬರೆದಿದ್ದೀರಿ. ನಮೂನೇಲಿ ತೋಟ ಇಲ್ಲ. ಕಾರ್ಖಾನೆ, ಆಸ್ಪತ್ರೆ, ಹಡಗು, ಇಷ್ಟೇ. ಯಾವುದು ಹಾಕಲಿ?"

"ಸ್ವಾಮೀ, ಇದು ಮೊಳದುದ್ದ ಇದೆ."

"ಹಾಗಾದ್ರೆ ಹಡಗು ಅಂತ ಹಾಕ್ತೀನಿ. ಕಾರ್ಖಾನೆ ಅಂದ್ರೆ ನಿಮ್ಮ ಮನೆಗೆ ಚಿಮಣಿ ಕಟ್ಟಿಸಬೇಕಾಗುತ್ತೆ."

ಹೀಗೆ ಮೇಸ್ತ್ರಿಗಳು ಕಡತದ ಮಟ್ಟಿಗೆ ನಾವಿಕರಾದರು. ಮರುವಾರ ಸೂಚನಾ ಫಲಕದ ಮೇಲೆ ಪ್ರಕಟಣೆಯೊಂದು ಕಾಣಿಸಿತು: 'ನೆಲದ ಮೇಲೆ ಸಂಚರಿಸುವ ಕಿರು ಹಡಗಿನ ಆಯ್ಕೆಗಾಗಿ ತ್ರಿಸದಸ್ಯ ಸಮಿತಿ ರಚಿಸಲಾಗಿದೆ. ಅರ್ಜಿದಾರರು ಪರೀಕ್ಷೆಗೆ ಅಗತ್ಯವಾದ ಹಳಿಯನ್ನು ಸ್ವಂತ ಶ್ರಮದಿಂದ ಕಚೇರಿಯಲ್ಲಿ ಹಾಸಿಕೊಡತಕ್ಕದ್ದು. ಹಳಿಯ ಮೇಲೆ ಯಾರೂ ಕಾಲಿಡಬಾರದು. ಇಟ್ಟವರು ಕಾರಣವನ್ನು ಲಿಖಿತವಾಗಿ ನೀಡಬೇಕು.'

ಮೇಸ್ತ್ರಿಗಳು ತೋಟದ ಹಳಿಯನ್ನು ಕಿತ್ತು, ಚೀಲದಲ್ಲಿ ಹೊತ್ತು ತಂದು, ಕಚೇರಿಯ ದೊಡ್ಡ ಹಾಲ್‌ನಲ್ಲಿ ಎಂಟು ಮೇಜುಗಳನ್ನೂ ದಾಖಲೆ ಕೋಣೆಯ ಬಾಗಿಲನ್ನೂ ಬಳಸಿ ಬರುವಂತೆ ದುಂಡಗೆ ಹಾಸಿದರು. ತೋಟದಲ್ಲಿ ಹುಲ್ಲಿಲ್ಲದ ಒಂದು ಗೆರೆ ಉಳಿಯಿತು.

ಸಮಿತಿಯಲ್ಲಿ ಅಧೀಕ್ಷಕರು, ಹಿರಿಯ ಗುಮಾಸ್ತರು ಮತ್ತು ದಾಖಲೆ ಕೋಣೆಯ ಮೇಲ್ವಿಚಾರಕಿ ಇದ್ದರು. ಸ್ಪಿರಿಟ್ ಎಂಜಿನ್ನಿನ ಪರೀಕ್ಷೆ ನಡೆಯಲಿಲ್ಲ. ಅದರ ಸ್ಪಿರಿಟ್ ಸಮಿತಿಯ ವಶದಲ್ಲಿದ್ದ ಎರಡೇ ದಿನದಲ್ಲಿ ಆವಿಯಾಯಿತೆಂದೂ ಅಂಥ ಸೋಮಾರಿ ಇಂಧನ ಸರಿಯಲ್ಲವೆಂದೂ ವರದಿಯಾಯಿತು. ಗ್ಯಾಸ್ ಎಂಜಿನ್ ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆಯಾಯಿತು. ಯಾರ ಮೇಲ್ವಿಚಾರಣೆಯೂ ಬೇಕಿಲ್ಲದ ಯಂತ್ರವನ್ನು ಮೇಲ್ವಿಚಾರಣೆ ಮಾಡುವುದು ಹೇಗೆಂದು ಅಧೀಕ್ಷಕರು ಕೇಳಿದ್ದರಿಂದ ಅದನ್ನು ತಿರಸ್ಕರಿಸಲಾಯಿತು.

ಉಳಿದದ್ದು ಕಪ್ಪು ಎಂಜಿನ್. ಎಷ್ಟು ಭಾರ ಎಳೆಯುತ್ತದೆಂದು ನೋಡಲು ಭಾರ ಬೇಕಾಯಿತು. ಕಚೇರಿಯಲ್ಲಿ ಅತ್ಯಂತ ಭಾರವಾದ ವಸ್ತು ಫೈಲು. ಮೇಲ್ವಿಚಾರಕಿ ಹನ್ನೊಂದು ವರ್ಷದಿಂದ ಅಲುಗದಿದ್ದ ಆರು ಫೈಲುಗಳನ್ನು ತಂದು ಎಂಜಿನ್ನಿನ ಹಿಂದಿನ ಪುಟ್ಟ ಬಂಡಿಗಳ ಮೇಲಿಟ್ಟರು. ಮೇಸ್ತ್ರಿಗಳು ಕಲ್ಲಿದ್ದಲು ಉಣಿಸಿ, ಕುಕ್ಕರುಗಾಲಲ್ಲಿ ಕೂತು, ಬೆರಳ ತುದಿಯಿಂದ ಕವಾಟ ತೆರೆದರು. ಎಂಜಿನ್ ಒಮ್ಮೆ ಸೀನಿತು. ಆಮೇಲೆ ಹೊರಟೇಬಿಟ್ಟಿತು. ತಿರುವಿನಲ್ಲೂ ಹೊರಳಲಿಲ್ಲ. ಮೇಸ್ತ್ರಿಗಳ ಕಣ್ಣು ತುಂಬಿಬಂತು; ಹೊಗೆಯೆಂದು ಹೇಳಿಕೊಂಡರು.

"ಫೈಲು ಓಡ್ತಾ ಇದೆ," ಎಂದರು ಮೇಲ್ವಿಚಾರಕಿ, ಮೆಲ್ಲಗೆ.

ಅಧೀಕ್ಷಕರು ಅಂದೇ ಮೇಲಿನ ಕಚೇರಿಗೆ ಬರೆದರು: 'ಈ ಕಚೇರಿಯಲ್ಲಿ ಯಾವ ಫೈಲೂ ನಿಂತಿಲ್ಲ.' ಮೇಲಿನವರಿಂದ ಪ್ರಶಂಸಾಪತ್ರ ಬಂತು. ಕಪ್ಪು ಎಂಜಿನ್ ಅವಿರೋಧವಾಗಿ ಆಯ್ಕೆಯಾಯಿತು, ಪರೀಕ್ಷಾವಧಿ ಮೂರು ತಿಂಗಳು ಮುಂದುವರಿಯಿತು, ಮತ್ತೆ ಮೂರು ತಿಂಗಳು ಮುಂದುವರಿಯಿತು. ಕೆಂಪು, ನೀಲಿ ಎಂಜಿನ್‌ಗಳನ್ನು ಒಯ್ಯಲು ಬಂದ ಅಂಗಡಿಯವನು, ಕೇಳದೆಯೇ ಇನ್ನೂ ನಾಲ್ಕು ಬಂಡಿಗಳನ್ನು ಒಪ್ಪಿಸಿ ಹೋದ. ಎಂಜಿನ್‌ನ ಹೊಟ್ಟೆಯುರಿ ಮೇಸ್ತ್ರಿಗಳ ಹೊರತು ಯಾರಿಗೂ ಅರ್ಥವಾಗದ ಕಾರಣ ಅವರನ್ನು 'ಗೌರವ ಚಾಲಕ'ರೆಂದು ನೇಮಿಸಲಾಯಿತು. ಗೌರವ ಎಂದರೆ ಸಂಬಳವಿಲ್ಲ. ಅವರು ಬೆಳಿಗ್ಗೆ ಹತ್ತಕ್ಕೆ ಬಂದು, ಎಂಜಿನ್ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಸಂಜೆ ಐದಕ್ಕೆ ಸೊಂಟ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು.

ಎಂಜಿನ್ ನೀರು ಕುಡಿಯುವ ಐದು ನಿಮಿಷ ಫೈಲುಗಳು ನಿಂತಂತಾಗುವುದೆಂದು ಗುಮಾಸ್ತರು ಆಕ್ಷೇಪಿಸಿದರು. ಆ ಅವಧಿಯಲ್ಲಿ ಜವಾನನು ಫೈಲುಗಳನ್ನು ಎದೆಗವಚಿಕೊಂಡು ಹಾಲ್‌ನಲ್ಲಿ ಅಡ್ಡಾಡತಕ್ಕದ್ದು ಎಂದು ಉಪನಿಯಮ ಹೊರಟಿತು.

ಎಂಜಿನ್ ತಮಗೆ ಹಿಂತಿರುಗಿಸಬೇಕೆಂದು ಮೇಸ್ತ್ರಿಗಳು ಕೇಳಲಿಲ್ಲವೆಂದಲ್ಲ. ಅರ್ಜಿ ಕೊಟ್ಟರು. ಅದಕ್ಕೊಂದು ಫೈಲು ತೆರೆದು ತಕ್ಷಣ ಮೊದಲ ಬಂಡಿಯ ಮೇಲಿಡಲಾಯಿತು.

ಎಂಟನೆಯ ತಿಂಗಳಲ್ಲಿ ಹೆಂಡತಿಯೇ ಕಚೇರಿಗೆ ಬಂದರು. "ನಮ್ಮ ಯಜಮಾನ್ರ ಫೈಲು ಯಾವಾಗ ಬರುತ್ತಪ್ಪಾ?" ಎಂದು ಹಿರಿಯ ಗುಮಾಸ್ತರನ್ನು ಕೇಳಿದರು.

"ಮೂರು ನಿಮಿಷಕ್ಕೊಮ್ಮೆ ಬರುತ್ತೆ ತಾಯೀ. ಕೂತ್ಕೊಳ್ಳಿ."

ಫೈಲು ಬಂತು. ಮೇಜಿನ ಮುಂದೆ ಹಾದು ಹೋಯಿತು. ಗುಮಾಸ್ತರು ಗೌರವದಿಂದ ಕಾಲು ಹಿಂದೆ ಎಳೆದುಕೊಂಡರು.

"ಅಯ್ಯೋ, ಹೋಯ್ತಲ್ಲ! ಒಂದು ಗಳಿಗೆ ನಿಲ್ಲಿಸಿ ಸಹಿ ಹಾಕಬಾರದಾ?"

"ನಿಂತ ಫೈಲನ್ನ ಬಾಕಿ ಅಂತಾರಮ್ಮ. ಬಾಕಿ ಫೈಲು ಈ ಕಚೇರೀಲಿ ಇಲ್ಲ."

"ಓಡ್ತಿರುವಾಗಲೇ ಹಾಕಿ."

"ಓಡೋದರ ಮೇಲೆ ಸಹಿ ಹಾಕಿದ್ರೆ ಅಕ್ಷರ ಸೊಟ್ಟ ಆಗುತ್ತೆ. ಸೊಟ್ಟ ಸಹಿ ಖೋಟಾ ಅಂತಾಗುತ್ತೆ. ಅಲ್ಲದೆ, ಸಹಿ ಆದ್ರೆ ಎಂಜಿನ್ ನಿಮ್ಮನೆಗೆ ಹೋಗುತ್ತೆ. ಆಮೇಲೆ ಆದೇಶದ ಪ್ರತೀನ ನಿಮಗೆ ತಲುಪಿಸೋಕೆ ಫೈಲನ್ನ ಎಳೆಯೋರು ಯಾರು?"

ಆಕೆ ಮುಂದಿನ ಸುತ್ತು ಬರುವ ತನಕ ಬೆಂಚಿನ ತುದಿಯಲ್ಲಿ ಕೂತಿದ್ದು, ಬಂದೊಡನೆ ಎದ್ದು ಸೆರಗು ಸಿಕ್ಕಿಸಿ ಹಳಿಯ ಮೇಲೆ ಅಡ್ಡ ನಿಂತರು.

ಮೇಸ್ತ್ರಿಗಳು ಬಗ್ಗಿದ್ದ ತಲೆ ಎತ್ತಿದರು. ಮೂಗಿನ ತುದಿಯಲ್ಲಿ ಮಸಿ ಇತ್ತು, ಕೈಯಲ್ಲಿ ಕಲ್ಲಿದ್ದಲಿನ ಚಮಚ. "ಪಕ್ಕಕ್ಕೆ ಸರಿಯೇ, ಸರಿ!" ಎಂದು ಗಾಬರಿಯಿಂದ ಕೂಗಿದರು. "ಈಗ ನಿಲ್ಲಿಸಿದ್ರೆ ಒತ್ತಡ ಬಿದ್ದು ಹೋಗುತ್ತೆ!"

ಹೆಂಡತಿ ಪಕ್ಕಕ್ಕೆ ಸರಿದರು. ಹಿರಿಯ ಗುಮಾಸ್ತರು ಆಕೆಯ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಹಳಿಯ ಮೇಲೆ ಕಾಲಿಟ್ಟ ಕಾರಣವನ್ನು ಬರೆಯುವಂತೆ ವಿನಯದಿಂದ ಕೋರಿದರು.