ಎರಡು ಒತ್ತಿದರೆ ಹೊಸನಗರ

ಫೋನಿನಲ್ಲಿ ಮಾತಾಡಿ ಕೆಟ್ಟವರನ್ನು ಬಹಳ ಮಂದಿ ಕಂಡಿರಬಹುದು. ಯಾರು ಎಷ್ಟು ಮಾತಾಡಿದರೆಂದು ಪತ್ತೆ ಮಾಡಲು ಹೋಗಿ ಕೆಟ್ಟವರನ್ನು ಕಾಣಬೇಕಾದರೆ ನಮ್ಮ ಅಂಗಡಿಗೇ ಬರಬೇಕು. ನಮ್ಮ ಅಂಗಡಿ ಎಂದರೆ ನನ್ನ ಅಕ್ಕನ ಗಂಡನದು. ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪುಗಳನ್ನು ಮಾರಿ ರಿಪೇರಿ ಮಾಡಿಕೊಡುವ ವ್ಯಾಪಾರ. ಸಾಗರದಲ್ಲಿ ಮುಖ್ಯ ಕಚೇರಿ, ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ ಶಾಖೆ. ಸಾಗರಕ್ಕೆ ನಾನು ಮ್ಯಾನೇಜರು. ಊರಿಗೆಲ್ಲ ಯಂತ್ರ ಮಾರಿದ ಭಾವನಿಗೆ, ತನಗೂ ಯಾರಾದರೂ ಒಂದು ಯಂತ್ರ ಮಾರಲಿ ಎಂಬ ಆಸೆ ಒಳಗೊಳಗೇ ಇತ್ತೆಂದು ಕಾಣುತ್ತದೆ. ಸಾಗರದಲ್ಲೇ ಹೊಸದಾಗಿ ಬೋರ್ಡು ಹಾಕಿದ್ದ ಎಂಜಿನಿಯರೊಬ್ಬ ಬಂದು, ಮೂರೂ ಊರಿನ ಫೋನುಗಳನ್ನು ಒಂದೇ ಪೆಟ್ಟಿಗೆಗೆ ಕಟ್ಟಿಹಾಕಿ ಹೋದ. ಯಾರು ಯಾರಿಗೆ ಎಷ್ಟು ಹೊತ್ತು ಮಾತಾಡಿದರೆಂದು ಪೆಟ್ಟಿಗೆ ಲೆಕ್ಕ ಇಡುತ್ತದೆ, ಮಾತನ್ನೂ ಹಿಡಿದಿಡುತ್ತದೆ. ಕೆಲಸದ ಹೊತ್ತಿನಲ್ಲಿ ಮೊಬೈಲು ಮುಟ್ಟಬಾರದೆಂದು ಭಾವ ಆಜ್ಞೆ ಹೊರಡಿಸಿದ. ತಾನು ಮಾತ್ರ ಮುಟ್ಟಬಹುದು. ಆಜ್ಞೆ ಎಂದರೆ ಹಾಗೇ ತಾನೆ.

ಸಾಗರದಿಂದ ಹೊರಗೆ ಹೋಗುವ ಕರೆಗಳ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಜಿನಿಯರು ವಿವರಿಸಲು ಬಂದಾಗ, "ನೀನು ಹುಟ್ಟುವ ಮೊದಲೇ ನಾನು ಫೋನು ತಿರುಗಿಸಿದವನು" ಎಂಬ ಮುಖ ಮಾಡಿ ಅವನನ್ನು ಸಾಗಹಾಕಿದೆ. ಎರಡು ಒತ್ತಿದರೆ ಹೊಸನಗರ, ಮೂರು ಒತ್ತಿದರೆ ತೀರ್ಥಹಳ್ಳಿ ಎಂದು ಬರೆದೆ. ಇಷ್ಟಕ್ಕೆ ಆ ಹುಡುಗ ಟೈ ಕಟ್ಟಿಕೊಂಡು ಬರಬೇಕಿತ್ತೇ ಎಂದು ನಕ್ಕೆ. ನಮ್ಮ ಕೆಲಸದವರು, "ಗಿರಾಕಿ ಮನೆಗೆ ಮಾಡಿದ್ರೆ ಎಲ್ಲಿಗೋ ಹೋಗ್ತದೆ ಸರ್" ಎಂದಾಗ, "ಸರಿಯಾಗಿ ಒತ್ತಲು ಕಲೀರಿ" ಎಂದು ಗದರಿಸಿದೆ. ಮತ್ತೆ ಯಾರೂ ಆ ದೂರು ತರಲಿಲ್ಲ.

ವಾರ ಕಳೆಯಿತು. ಭಾವ ಕರೆಗಳ ವರದಿ ತೆಗೆದು ನೋಡಿದ. ಹೊಸನಗರದ ನಾಗರತ್ನಮ್ಮ ಬೆಳಗಿನಿಂದ ಸಂಜೆವರೆಗೆ ಫೋನಿನಲ್ಲೇ ಇದ್ದಳು. ಆ ಶಾಖೆಗೆಲ್ಲ ಅವಳೊಬ್ಬಳೇ.

"ಕೆಲಸದಿಂದ ತೆಗೆಯೋದೇ. ನಡಿ ಮಾರಾಯ" ಎಂದ ಭಾವ. ಮಾತಾಡಿದ್ದೇನೆಂದು ಕೇಳಿ ನೋಡುವ ವ್ಯವಧಾನ ಅವನಿಗಿರಲಿಲ್ಲ. ನಾನೂ ಹೆಂಗಸರ ಹರಟೆಯ ಮೇಲೆ ಒಂದು ಉಪನ್ಯಾಸ ಕೊಡುತ್ತ ಕಾರು ಹತ್ತಿದೆ.

ನಾವು ಒಳಗೆ ಕಾಲಿಟ್ಟಾಗ ನಾಗರತ್ನಮ್ಮ ಮಾತಾಡುತ್ತಲೇ ಇದ್ದಳು. ಭಾವ ಬಾಯಿ ತೆರೆಯುವ ಮೊದಲೇ ಫೋನಿಟ್ಟು ಹೇಳಿದಳು. "ಬಂದ್ರಾ ಯಜಮಾನ್ರೇ, ಒಳ್ಳೇದಾಯ್ತು. ನಿಮ್ಮ ಸಾಗರದೋರು ಅಲ್ಲಿನ ಯಾವ ಮನೆಗೆ ಫೋನ್ ಮಾಡಿದ್ರೂ ನಾನೇ ಸಿಗ್ತೀನಿ. ಅವ್ರ ಮಾತು ಕೇಳ್ಕೊಂಡು ನಾನೇ ಗಿರಾಕಿಗೆ ತಿಳಿಸ್ತಾ ಇದೀನಿ. ಮೊಬೈಲ್ ಹತ್ತದ ಊರಿನೋರು, ಪಂಪು ರೆಡಿಯಾದದ್ದು ಮತ್ತೆಂಗೆ ಗೊತ್ತಾಗ್ಬೇಕು?"

ನನಗೆ ಆಗ ಹೊಳೆಯಿತು. ಸಾಗರದ ಕಡೆಯ ಲ್ಯಾಂಡ್‌ಲೈನ್ ಸಂಖ್ಯೆಗಳೆಲ್ಲ ಎರಡರಿಂದಲೇ ಶುರು. ಎರಡು ಕಂಡೊಡನೆ ನನ್ನ ನಿಯಮ ಮುಂದಿನ ಅಂಕಿಗಳಿಗೆ ಕಾಯದೆ ಕರೆಯನ್ನು ಹೊಸನಗರಕ್ಕೆ ದೂಡುತ್ತಿತ್ತು.

ಭಾವ ತೆಗೆಯುವ ಮಾತು ಬಿಟ್ಟು ಅವಳು ಕೊಟ್ಟ ಕಾಫಿ ಕುಡಿದ. ವಾಪಸು ಬರುವಾಗ ಕೇಳಿದ, "ಆ ನಿಯಮ ಬರೆದೋನು ಯಾರು?"

"ಆ ಟೈ ಕಟ್ಟಿದೋನೇ ಇರ್ಬೇಕು" ಎಂದೆ.

"ಹೋದ ಕೂಡಲೇ ಫೋನ್ ಮಾಡಿ ಬೈಯಿ. ನಾನೂ ಕೇಳ್ಬೇಕು."

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಕಚೇರಿಗೆ ಬಂದವನೇ ಸ್ಪೀಕರ್ ಹಾಕಿ, ಎಂಜಿನಿಯರಿನ ಅಂಗಡಿಯ ಲ್ಯಾಂಡ್‌ಲೈನ್ ಸಂಖ್ಯೆ ಒತ್ತಿದೆ. ಆಚೆಯಿಂದ ಹಲೋ ಎನ್ನಲೂ ಬಿಡಲಿಲ್ಲ. "ಈ ನಿಯಮ ಬರೆದೋನಿಗೆ ತಲೇಲಿ ಏನಿದೆ? ಎರಡನೇ ಕ್ಲಾಸಿನ ಮಗೂಗೂ ಗೊತ್ತಾಗೋದು ಇವನಿಗೆ ಗೊತ್ತಾಗ್ಲಿಲ್ಲ. ಇಂಥೋನಿಗೆ ಸಂಬಳ ಬೇರೆ ಕೇಡು" ಎಂದು ಶುರುಮಾಡಿ, ಅವನ ಓದಿನ ತನಕ ಜಾಲಾಡಿದೆ. ಭಾವ ತಲೆದೂಗುತ್ತಿದ್ದ. ನನಗೇ ನನ್ನ ಮಾತಿನ ಮೇಲೆ ಅಭಿಮಾನ ಉಕ್ಕಿತು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಆಚೆಯಿಂದ ಮೆಲ್ಲಗೆ ಧ್ವನಿ ಬಂತು.

"ಸರ್, ನಾನು ಹೊಸನಗರದ ನಾಗರತ್ನ. ಅದನ್ನ ಬರೆದೋರು ನೀವೇ ಅಂತ, ನಾನು ಕೇಳಿದ್ದಕ್ಕೆ ಎಂಜಿನಿಯರ್ರು ಮೊನ್ನೆನೇ ಹೇಳಿದ್ರು. ಯಜಮಾನ್ರ ಎದುರಿಗೆ ಬ್ಯಾಡ ಅಂತ ಸುಮ್ನಿದ್ದೆ."