ಮುಯ್ಯಿಗೆ ಬಂದ ಫಾರ್ವರ್ಡ್

ಚಿತ್ತವಾಡ್ಗಿ ಯುವಕರ ಫುಟ್‌ಬಾಲ್ ಸಂಘದ ಫಾರ್ವರ್ಡ್ ಮುರುಗೇಶನ ಬಲಗಾಲನ್ನು ಇಷ್ಟು ವರ್ಷಗಳಲ್ಲಿ ಯಾವ ಎದುರಾಳಿಗೂ ಮುರಿಯಲಾಗಿರಲಿಲ್ಲ. ಆ ಕೆಲಸವನ್ನು ಸೆಮಿಫೈನಲ್ಲಿನ ಬೆಳಿಗ್ಗೆ ಅವನ ಸ್ವಂತ ಬೈಕು ಕೈಗೆತ್ತಿಕೊಂಡಿತು. ಪೆಟ್ರೋಲ್ ಹಾಕಿಸಿಕೊಂಡು ಬರೋಣವೆಂದು ಅವನು ಓಣಿಯ ಮೈದಾನದ ಪಕ್ಕದಲ್ಲಿ ಕಿಕ್ಕರ್ ಒದ್ದ. ಕಿಕ್ಕರ್ ಅಷ್ಟೇ ಜೋರಾಗಿ ಅವನನ್ನು ತಿರುಗಿ ಒದೆಯಿತು. ಕ್ರಿಯೆಗೆ ಪ್ರತಿಕ್ರಿಯೆ ಸಮ ಮತ್ತು ವಿರುದ್ಧ ಎಂಬ ನಿಯಮ ಪಿಯುಸಿಯನ್ನು ಎರಡು ಸಲ ಕಟ್ಟಿದರೂ ತಲೆಗೆ ಹತ್ತದ ಮುರುಗೇಶನಿಗೆ ಒಂದೇ ಏಟಿಗೆ ಮನದಟ್ಟಾಯಿತು.

ಸಂಘದ ಕಾರ್ಯದರ್ಶಿ, ಎಲ್ಲರ ಬಾಯಲ್ಲಿ 'ಆಚಾರ್ರು' ಆದ ತಿರುಮಲ ತನ್ನ ಔಷಧಿ ಅಂಗಡಿಯನ್ನು ಅರ್ಧ ತೆರೆದಿಟ್ಟು ಓಡಿ ಬಂದ. ಅಷ್ಟರಲ್ಲಿ ಮುರುಗೇಶನ ಕಾಲಿನ ಗಿಣ್ಣು ಬದನೆಕಾಯಿಯಷ್ಟು ಊದಿ, ಬಣ್ಣವನ್ನೂ ಅದರಿಂದಲೇ ಪಡೆದುಕೊಂಡಿತ್ತು. ತಿರುಮಲ ತನ್ನಲ್ಲಿದ್ದ ಸ್ಪ್ರೇಯನ್ನೆಲ್ಲ ಹೊಡೆದ. ಮುರುಗೇಶ ಎದ್ದು ನಿಂತ, ಒಂದು ಹೆಜ್ಜೆ ಇಟ್ಟ, ಮತ್ತೆ ಕುಳಿತ.

ಸಂಗತಿ ಬರೀ ಒಂದು ಕಾಲಿನದಾಗಿರಲಿಲ್ಲ. ಸಂಘ ಆರು ವರ್ಷಗಳಿಂದ ಒಂದೂ ಕಪ್ ತಂದಿರಲಿಲ್ಲ. ಈ ಸಲದ ಹೊಸಪೇಟೆ ಪಂದ್ಯಾವಳಿಯಲ್ಲೂ ಕಪ್ ಬಾರದಿದ್ದರೆ ಓಣಿಯ ಮೈದಾನದ ನಟ್ಟನಡುವೆ ಸಿಮೆಂಟಿನ ಕ್ರಿಕೆಟ್ ಪಿಚ್ ಹಾಕಲು ಓಣಿಯ ಹಿರಿಯರು ಒಪ್ಪಿಬಿಟ್ಟಿದ್ದರು. ಹಾಗೆ ಒಪ್ಪಿಸಿದವನು ತಿರುಮಲನ ಎದುರುಮನೆಯ ಟೇಲರ್ ಕೊಟ್ರಯ್ಯ. ಕ್ರಿಕೆಟ್ ಹುಡುಗರಿಗೆ ಅವನೇ ಅಧ್ಯಕ್ಷ, ಅವನೇ ಅಂಪೈರ್. ಮುರುಗೇಶನನ್ನು ವಿಚಾರಿಸಲು ಎಲ್ಲರಿಗಿಂತ ಮೊದಲು ಬಂದವನೂ ಅವನೇ. ಮುಖದಲ್ಲಿ ದುಃಖವಿತ್ತು, ನಡಿಗೆಯಲ್ಲಿ ಇರಲಿಲ್ಲ.

ಅಭಯನನ್ನು ಇಳಿಸಿ ಎಂದು ಹುಡುಗರು ಸೂಚಿಸಿದರು. ಅಭಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸದವನು; ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಬಂದು ಮೂರು ವರ್ಷಗಳಿಂದ ಬೆಂಚಿನ ಮೇಲೆ ಕುಳಿತು ಹೋಗುತ್ತಿದ್ದ. ಆದರೆ ತಿರುಮಲನ ದೃಷ್ಟಿಯಲ್ಲಿ ಅಭಯನಿಗೆ ಒಂದು ದೊಡ್ಡ ದೋಷವಿತ್ತು: ಅವನು ಇದೇ ಓಣಿಯವನು. ಚಡ್ಡಿ ಜಾರಿಸಿಕೊಂಡು ಅಂಗಡಿಗೆ ಪೆಪ್ಪರ್‌ಮಿಂಟ್ ಕೇಳಲು ಬರುತ್ತಿದ್ದವನು ಸೆಮಿಫೈನಲ್ ಗೆಲ್ಲಿಸುತ್ತಾನೆಂದು ನಂಬುವುದು ಹೇಗೆ?

ಎಮ್ಮಿಗನೂರು ತಂಡದ ಯಲ್ಲೇಶನನ್ನು ಲೋನ್ ಮೇಲೆ ತರುವುದಾಗಿ ತಿರುಮಲ ಘೋಷಿಸಿದ. ಎರಡು ವರ್ಷಗಳ ಹಿಂದೆ ಕಂಪ್ಲಿಯ ಪಂದ್ಯವೊಂದರಲ್ಲಿ ಯಲ್ಲೇಶ ಒದ್ದ ಚೆಂಡು ಬಲೆಯನ್ನು ಹರಿದುಕೊಂಡು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಿಯಮವೂ ಅನುಕೂಲವಾಗಿತ್ತು: ಈ ಪಂದ್ಯಾವಳಿಯಲ್ಲಿ ಇನ್ನೂ ಮೈದಾನಕ್ಕಿಳಿಯದ ಆಟಗಾರನನ್ನು ಬೇರೆ ತಂಡ ಎರವಲು ಪಡೆಯಬಹುದು, ಆದರೆ ಒಬ್ಬ ಎರಡು ತಂಡಗಳಿಗೆ ಆಡುವಂತಿಲ್ಲ. ಸಂಡೂರಿನ ಗಣಿಯಲ್ಲಿ ರಜೆ ಸಿಗದೆ ಯಲ್ಲೇಶ ಇನ್ನೂ ಆಡಿರಲಿಲ್ಲ; ನಿನ್ನೆಯಷ್ಟೇ ರಜೆ ಸಿಕ್ಕು ಊರಿಗೆ ಬಂದಿದ್ದನಂತೆ. ಎಮ್ಮಿಗನೂರು ತಂಡವೋ ನಿನ್ನೆಯೇ ಗೆದ್ದು ಫೈನಲ್ ತಲುಪಿತ್ತು. ಇಂದು ಯಲ್ಲೇಶ ಚಿತ್ತವಾಡ್ಗಿಗೆ ಆಡಿದರೆ ನಾಳೆಯ ಫೈನಲ್ಲಿನಲ್ಲಿ ಎಮ್ಮಿಗನೂರಿಗೆ ಅವನು ಇಲ್ಲ. ಒಂದೇ ಮಾತ್ರೆಯಲ್ಲಿ ತಲೆನೋವೂ ಹೋಗಿ ಜ್ವರವೂ ಇಳಿಯುವಂಥ ಈ ಉಪಾಯಕ್ಕೆ ತಿರುಮಲ ತಾನೇ ತಲೆದೂಗಿದ.

"ಕಡ ತಂದ ಅಂಗಿ ಹಾಕ್ಕೊಂಡು ಮದುವೀಗೆ ಹೋದವ್ರನ್ನ ಭಾಳ ನೋಡೀನ್ರಿ ಆಚಾರ್ರ," ಎಂದ ಕೊಟ್ರಯ್ಯ. "ಊಟಕ್ಕ ಕುಂತಾಗ ಸಾರು ಎಲ್ಲಿ ಚೆಲ್ಲೀತೋ ಅನ್ನೋದ್ರಾಗೇ ಇರ್ತಾರ. ಅವನ ಕಾಲಿಗೆ ಏನರ ಆದ್ರ ಯಾರ ತಲಿಗೆ?"

"ಲೋನ್ ಅಂದ್ರ ಹಂಗಲ್ಲ ಸ್ವಾಮಿ. ಯುರೋಪಿನ್ಯಾಗ ದೊಡ್ಡ ದೊಡ್ಡ ಕ್ಲಬ್ಬಿನೋರೇ ಮಾಡ್ತಾರ. ತೂತು ಬಿದ್ದಲ್ಲಿ ಆ ಹೊತ್ತಿಗೆ ಒಬ್ಬನ್ನ ತಂದು ಮುಚ್ಚೋದು, ಕೆಲಸ ಆದ್ಮ್ಯಾಲೆ ವಾಪಸ್ ಕಳಿಸೋದು. ಸಾಕೋ ತಾಪತ್ರಯ ಇಲ್ಲ."

"ತೂತು ಹೊಲ್ಯಾಕ ಮನ್ಯಾಗ ದಾರ ಐತಲ್ರಿ," ಎಂದು ಕೊಟ್ರಯ್ಯ ಅಭಯನ ಕಡೆ ನೋಡಿದ.

ಬೂಟಿನ ಲೇಸ್ ಕಟ್ಟುತ್ತಿದ್ದ ಅಭಯ ಅದನ್ನು ಬಿಚ್ಚಿ ಮತ್ತೆ ಬೆಂಚಿನ ಮೇಲೆ ಕುಳಿತುಕೊಂಡ. ತಿರುಮಲ ಯಾರಿಗೂ ಜಗ್ಗದೆ ಸ್ಕೂಟರ್ ಏರಿದ.

ಎಮ್ಮಿಗನೂರು ತಂಡದ ಒಡೆಯ ಗುಡ್ಡಪ್ಪ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ನಾಟಿಗೆ ಹದವಾದ ಕೆಸರನ್ನು ನೋಡುತ್ತಿದ್ದ. ತಿರುಮಲ ಹತ್ತು ವಾಕ್ಯಗಳ ಮನವಿಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎರಡನೆಯ ವಾಕ್ಯಕ್ಕೇ ಗುಡ್ಡಪ್ಪ ಒಪ್ಪಿಬಿಟ್ಟ. ಇಷ್ಟು ಬೇಗ ಒಪ್ಪುವವರನ್ನು ಕಂಡರೆ ಅನುಮಾನಪಡಬೇಕೆಂಬುದು ಅಂಗಡಿಯವನಾದ ತಿರುಮಲನಿಗೆ ಗೊತ್ತಿತ್ತು. ಆದರೆ ಉಳಿದ ಎಂಟು ವಾಕ್ಯಗಳು ಗಂಟಲಲ್ಲೇ ಸಿಕ್ಕಿಕೊಂಡು ಅನುಮಾನಕ್ಕೆ ಜಾಗ ಸಿಗಲಿಲ್ಲ.

"ರೊಕ್ಕಗಿಕ್ಕ ಏನೂ ಬ್ಯಾಡ್ರಿ ಆಚಾರ್ರ. ನಮ್ಮ ಕಡೆ ಮುಯ್ಯಾಳಿನ ಪದ್ಧತಿ. ನಮ್ಮ ಆಳು ಒಬ್ಬ ನಿಮಗ ಒಂದಿನ ದುಡೀತಾನ. ನಾವು ಕೇಳಿದಾಗ ನಿಮ್ಮ ಆಳು ಒಬ್ಬ ನಮಗ ಒಂದಿನ ದುಡೀಬೇಕು. ಆತಿಲ್ಲೋ?"

ಅಂದರೆ ಮುಂದಿನ ವರ್ಷ ಯಾವುದಾದರೂ ಪಂದ್ಯಕ್ಕೆ ಒಬ್ಬ ಆಟಗಾರನನ್ನು ಕಳಿಸಬೇಕು, ಅಷ್ಟೇ ಎಂದು ಲೆಕ್ಕ ಹಾಕಿದ ತಿರುಮಲ ಕೈಗೆ ಕೈ ಸೇರಿಸಿದ.

ಆಮೇಲೆ ಯಲ್ಲೇಶ ಮನೆಯಿಂದ ಹೊರಗೆ ಬಂದ. ಮೊದಲು ಹೊಟ್ಟೆ ಬಂತು, ಅದರ ಹಿಂದೆ ಅವನು ಬಂದ. ಕಳೆದ ವರ್ಷ ಮದುವೆಯಾಗಿತ್ತಂತೆ. ಮಾವನ ಮನೆ ಪಕ್ಕದ ಓಣಿಯಲ್ಲೇ ಇತ್ತಂತೆ. ಅವನು ಹಿಂದೆ ಕುಳಿತ ಕೂಡಲೇ ಸ್ಕೂಟರಿನ ಮುಂದಿನ ಚಕ್ರ ನೆಲದೊಂದಿಗಿನ ಸಂಬಂಧವನ್ನು ಮರುಪರಿಶೀಲಿಸತೊಡಗಿತು. ಹಿಂತಿರುಗಿ ನೋಡಿದರೆ ಗುಡ್ಡಪ್ಪ ಕೈ ಬೀಸುತ್ತಿದ್ದ. ತನಗೆ ಬೇಕಾದವರನ್ನು ಯಾರೂ ಎರವಲು ಕೊಡುವುದಿಲ್ಲ ಎಂಬ ಸತ್ಯ ಕಂಪ್ಲಿ ದಾಟುವಾಗ ತಿರುಮಲನಿಗೆ ಹೊಳೆಯಿತು. ಆದರೂ ಅವನು ಗಾಡಿ ತಿರುಗಿಸಲಿಲ್ಲ. ಕೊಟ್ರಯ್ಯನ ಮುಂದೆ ಬರಿಗೈಯಲ್ಲಿ ಇಳಿಯುವುದಕ್ಕಿಂತ ತುಂಬಿದ ಹೊಟ್ಟೆಯೊಂದನ್ನು ಇಳಿಸುವುದೇ ಮೇಲು ಎಂದುಕೊಂಡ.

ಆ ಹೊಟ್ಟೆಯಲ್ಲಿ ಇನ್ನೂ ಜಾಗವಿದೆಯೆಂದು ಕಂಡುಹಿಡಿದವರು ತಿರುಮಲನ ತಾಯಿ ಸರಸ್ವತೀಬಾಯಿ. ಪಂದ್ಯಕ್ಕೆ ಮೊದಲು ಬರೀ ಬಾಳೆಹಣ್ಣು ಸಾಕೆಂದು ಮಗ ಬೇಡಿಕೊಂಡ. ಪರವೂರಿನಿಂದ ನಮಗೋಸ್ಕರ ಬಂದ ಹುಡುಗನಿಗೆ ಬಾಳೆಹಣ್ಣು ಕೊಟ್ಟು ಕಳಿಸಲು ಅವನೇನು ಹಂಪಿಯ ಕೋತಿಯೇ ಎಂದು ಕೇಳಿ ಅವರು ಎಲೆ ಹಾಕಿಯೇಬಿಟ್ಟರು. ಹುಳಿ, ಸಾರು, ಹೋಳಿಗೆ, ಮೇಲೆ ತುಪ್ಪ. ಬೇಡವೆನ್ನುವುದು ಯಲ್ಲೇಶನ ಸ್ವಭಾವದಲ್ಲಿರಲಿಲ್ಲ. ಎದ್ದಾಗ ಅವನು ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಲಾರದೆ ತಿರುಮಲನ ಕಡೆ ನೋಡಿದ. ಕಾರ್ಯದರ್ಶಿ ಮಂಡಿಯೂರಿ ಕಟ್ಟಿದ.

ನಾಲ್ಕು ಗಂಟೆಗೆ ಸಂಡೂರು ತಂಡದೊಂದಿಗೆ ಪಂದ್ಯ ಶುರುವಾಯಿತು. ಮುರುಗೇಶನ ಜೆರ್ಸಿ ಯಲ್ಲೇಶನ ಮೇಲೆ ಬೆಂಡೆಕಾಯಿಯ ಸಿಪ್ಪೆಯಲ್ಲಿ ಕುಂಬಳಕಾಯಿಯನ್ನು ತುಂಬಿದಂತೆ ಕುಳಿತಿತ್ತು. ಅವನು ಮೊದಲ ಹತ್ತು ನಿಮಿಷ ಓಡಿದ, ಮುಂದಿನ ಹತ್ತು ನಿಮಿಷ ನಡೆದ, ಆಮೇಲೆ ನಿಂತುಕೊಂಡು ಆಟ ನೋಡಿದ. ಅಷ್ಟರಲ್ಲಿ ಸಂಡೂರು ಒಂದು ಗೋಲು ಹೊಡೆಯಿತು. ವಿರಾಮಕ್ಕೆ ಮುನ್ನ ಚೆಂಡು ತಾನಾಗಿಯೇ ಉರುಳಿ ಬಂದು ಯಲ್ಲೇಶನ ಕಾಲ ಬಳಿ ನಿಂತಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಬಲೆ ಹರಿಯುವುದನ್ನು ನೋಡಲು ತಿರುಮಲ ಎದ್ದು ನಿಂತ. ಯಲ್ಲೇಶ ಅಂಗಡಿಯಲ್ಲಿ ಚಿಲ್ಲರೆ ಕೊಡುವಷ್ಟು ಮೃದುವಾಗಿ ಚೆಂಡನ್ನು ಗೋಲ್‌ಕೀಪರನ ಕೈಗೆ ಒಪ್ಪಿಸಿದ.

ವಿರಾಮದಲ್ಲಿ ತಿರುಮಲ ಕೇಳಿದ್ದಕ್ಕೆ ಅವನು ನಿಜವನ್ನೇ ಹೇಳಿದ. "ಆ ಗೋಲ್‌ಕೀಪರ್ ನಮ್ಮ ಗಣಿಯಾಗ ಸೂಪರ್‌ವೈಸರ್ ರೀ ಅಣ್ಣ. ಸೋಮವಾರ ಮತ್ತ ರಜಾ ಕೇಳೋದೈತಿ."

ಅಷ್ಟು ಹೇಳಿ ಯಲ್ಲೇಶ ಒಮ್ಮೆ ಸೀನಿದ. ಜೆರ್ಸಿ ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಬಾಯಿ ಬಿಟ್ಟಿತು. ಪಂದ್ಯ ನೋಡಲು, ಅಂದರೆ ಸೋಲು ನೋಡಲು ಬಂದಿದ್ದ ಕೊಟ್ರಯ್ಯ ಸೂಜಿ ದಾರ ಸಮೇತ ಮುಂದೆ ಬಂದ. ಬಟ್ಟೆಯ ವಿಷಯದಲ್ಲಿ ಅವನಿಗೆ ಪಕ್ಷಭೇದವಿರಲಿಲ್ಲ. ಹೊಲಿಗೆ ಮುಗಿಯಲು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಆ ಅಭಯನನ್ನಾದರೂ ನಿಲ್ಲಿಸಿ ಎಂದ. ಬೇರೆ ದಾರಿ ಇರಲಿಲ್ಲ.

ಮೂರು ವರ್ಷ ಬೆಂಚಿನ ಮೇಲೆ ಕಾದ ಸಿಟ್ಟು, ಅದರ ಮೇಲೆ ಹೋಳಿಗೆ ತಿಂದು ಬಂದವನು ತನ್ನ ಜಾಗದಲ್ಲಿ ನಿಂತಿದ್ದನ್ನು ನೋಡಿದ ಸಿಟ್ಟು, ಎರಡೂ ಕೂಡಿ ಅಭಯ ಮುಚ್ಚಳ ಹಾರಿದ ಕುಕ್ಕರಿನಂತೆ ಮೈದಾನಕ್ಕೆ ನುಗ್ಗಿದ. ಮೊದಲ ಗೋಲು ಗಣಿಯ ಸೂಪರ್‌ವೈಸರನ ಬಲಗಡೆಯಿಂದ ಹೋಯಿತು. ಎರಡನೆಯದು ಅವನ ಕಾಲುಗಳ ನಡುವಿನಿಂದ ಹೋಯಿತು. ಚಿತ್ತವಾಡ್ಗಿ ಫೈನಲ್ ತಲುಪಿತು.

ಓಣಿಯ ಮೈದಾನಕ್ಕೆ ಮರಳಿದಾಗ ತಿರುಮಲ ಅಭಯನ ಬೆನ್ನು ತಟ್ಟಿ, ಯಲ್ಲೇಶನನ್ನು ತಂದದ್ದರಿಂದಲೇ ಈ ಗೆಲುವು ಬಂತೆಂದು ವಾದಿಸಿದ. ಹೊರಗಿನವನು ಬಾರದೆ ಒಳಗಿನವನಿಗೆ ರೋಷ ಬರುತ್ತಿತ್ತೇ? ಇದೂ ಲೋನ್ ಪದ್ಧತಿಯ ಒಂದು ಲಾಭವೇ. ವಾದ ಅಷ್ಟು ಗಟ್ಟಿಯಾಗಿತ್ತೆಂದರೆ ಅಭಯ ಮೂರು ವರ್ಷಗಳ ಮೇಲೆ ಮೊದಲ ಸಲ ನಕ್ಕ.

ಆಗ ಗುಡ್ಡಪ್ಪನ ಜೀಪು ಬಂದು ನಿಂತಿತು. ಯಲ್ಲೇಶನನ್ನು ಕರೆದೊಯ್ಯಲು ಬಂದಿರಬೇಕೆಂದು ತಿರುಮಲ ಕೈಮುಗಿದ.

"ಮುಯ್ಯಿ ಕೇಳಾಕ ಬಂದೀನ್ರಿ ಆಚಾರ್ರ. ನಾಳೆ ಒಂದಿನ, ಇವತ್ತು ಎರಡು ಗೋಲು ಹೊಡದನಂತಲ್ರಿ, ಆ ಅಭಯನ್ನ ಕಳಿಸ್ರಿ."

ತಿರುಮಲನಿಗೆ ನಗು ಬಂತು. ಅಭಯ ಈಗ ಚಿತ್ತವಾಡ್ಗಿಗೆ ಆಡಿಬಿಟ್ಟಿದ್ದಾನೆ, ಇನ್ನು ಅವನನ್ನು ಎಮ್ಮಿಗನೂರಿನ ಪರವಾಗಿ ಆಡಿಸುವುದು ನಿಯಮಕ್ಕೆ ವಿರುದ್ಧ ಎಂದು ಶಾಂತವಾಗಿ ತಿಳಿಹೇಳಿದ.

"ಆಡ್ಸಾಕ ಯಾರು ಕೇಳ್ಯಾರ್ರಿ? ನಾಳೆ ನಮ್ಮದು ನಾಟಿ. ಸಸಿ ಹೊರಾಕ ಆಳು ಬೇಕು. ಗದ್ದಿಗೆ ಇಳಿಸಬಾರದು ಅಂತ ನಿಮ್ಮ ಪಂದ್ಯಾವಳಿ ನಿಯಮದಾಗ ಎಲ್ಲರ ಐತೇನು?"

ಇರಲಿಲ್ಲ. ಹುಡುಗರು ಬೆರಳು ಮಡಚಿ ಲೆಕ್ಕ ಹಾಕಿದರು. ನಾಳೆ ನಾಲ್ಕಕ್ಕೆ ಎಮ್ಮಿಗನೂರಿನ ಎದುರು ಫೈನಲ್. ಮುರುಗೇಶನ ಕಾಲು ಬದನೆಕಾಯಿ. ಎರವಲು ಬಂದ ಯಲ್ಲೇಶ ನಿಯಮದ ಪ್ರಕಾರ ತನ್ನ ಮೂಲ ತಂಡದ ಎದುರು ಆಡುವಂತಿಲ್ಲ. ಅಭಯನೂ ಕೆಸರಿನಲ್ಲಿದ್ದರೆ ಕಪ್ ಹೋಯಿತು, ಮೈದಾನವೂ ಹೋಯಿತು. ಕೊಟ್ಟ ಮಾತಿಗೆ ತಪ್ಪಿ ಅಭಯನನ್ನು ಅಡಗಿಸಿಡೋಣವೆಂದು ಮುರುಗೇಶ ಪಿಸುಗುಟ್ಟಿದ. ತಿರುಮಲ ಎರಡು ಹೆಜ್ಜೆ ಮುಂದೆ ಬಂದು, ಕನ್ನಡಕವನ್ನು ಸರಿಪಡಿಸಿಕೊಂಡ.

"ಮಾತಾಗಿದ್ದು ಒಬ್ಬ ಆಳು ಅಂತ. ಯಾವ ಆಳು ಅಂತ ಮಾತಾಗಿಲ್ಲ. ಅಭಯ ಇಲ್ಲೇ ಆಡ್ತಾನ. ನಾಳೆ ಸಸಿ ಹೊರಾಕ ನಾನು ಬರ್ತೀನಿ."

ಮಾತ್ರೆಯ ಪಟ್ಟಿಗಿಂತ ಭಾರವಾದದ್ದನ್ನು ಎಂದೂ ಎತ್ತದ ಆ ಕೈಗಳನ್ನು ಗುಡ್ಡಪ್ಪ ಹಿಡಿದು ತಿರುಗಿಸಿ ನೋಡಿದ. ಹೊತ್ತು ಹುಟ್ಟುವ ಮೊದಲು ಗದ್ದೆಗೆ ಇಳಿದರೆ ಮುಳುಗಿದ ಮೇಲೆಯೇ ಮೇಲೆ ಹತ್ತುವುದು, ಫೈನಲ್ ನೋಡಲು ಬಿಡುವಿಲ್ಲ ಎಂದು ಎಚ್ಚರಿಸಿದ. ಆರು ವರ್ಷ ಕಾದ ಫೈನಲ್ಲನ್ನು ನೋಡದೆ ಇರಲು ತಿರುಮಲ ಒಪ್ಪಿದ. ಜೀಪು ಹೊರಟಿತು, ಯಲ್ಲೇಶ ಹಿಂದಿನಿಂದ ಕೈ ಬೀಸಿದ, ಹುಡುಗರು ಕಾರ್ಯದರ್ಶಿಯನ್ನು ಹೆಗಲ ಮೇಲೆತ್ತಿದರು.

ಮೇಲಿರುವಾಗಲೇ ಅವನಿಗೆ ಇನ್ನೊಂದು ನಿಯಮ ನೆನಪಾಯಿತು. ಮೈದಾನದ ಗೆರೆಯ ಪಕ್ಕದಲ್ಲಿ ಜವಾಬ್ದಾರಿಗೆ ಆಟಗಾರನಲ್ಲದ ಹಿರಿಯನೊಬ್ಬ ನಿಲ್ಲದಿದ್ದರೆ ತಂಡವನ್ನು ಮೈದಾನಕ್ಕೆ ಬಿಡುವುದಿಲ್ಲ. ಓಣಿಯಲ್ಲಿ ಫುಟ್‌ಬಾಲಿನ ಪರವಾಗಿ ಎದ್ದು ಬರುವ ಹಿರಿಯ ಅವನೊಬ್ಬನೇ.

"ನಾನು ಬರ್ತೀನಿ ಬಿಡ್ರಿ," ಎಂದಿತು ಕೆಳಗಿನಿಂದ ಒಂದು ದನಿ. ಕೊಟ್ರಯ್ಯ ನಿಂತಿದ್ದ. "ಒಂದಿನದ ಮಟ್ಟಿಗೆ ನನ್ನನ್ನ ಕಡ ತಗೊಳ್ರಿ."

ಅಭಯನನ್ನು ಇಳಿಸೆಂದವನು ಕೊಟ್ರಯ್ಯಸ್ವಾಮಿಯೇ ಅಲ್ಲವೇ ಎಂದು ಹುಡುಗರೆಲ್ಲ ಒಟ್ಟಿಗೆ ಹೂಂಗುಟ್ಟಿದರು. ಹೆಗಲ ಮೇಲಿನಿಂದ ತಿರುಮಲ ಅನುಮಾನದಿಂದ ಕೇಳಿದ: "ಮುಯ್ಯಿಗೆ ಏನು?"

"ಭಾಳೇನಿಲ್ರಿ. ಒಂದಿನಕ್ಕ ಒಂದಿನ. ಸೋಮವಾರ ಮೈದಾನ ಒಂದೇ ಒಂದಿನ ನಮಗ ಬಿಡ್ರಿ. ಸಿಮೆಂಟ್ ಗಟ್ಟಿಯಾಗಾಕ ಅಷ್ಟು ಸಾಕು."

ಹುಡುಗರ ಹೂಂಕಾರ ಆಗಲೇ ಮುಗಿದುಹೋಗಿತ್ತು. ಸೋತರೆ ಹಿರಿಯರ ತೀರ್ಮಾನದಂತೆ ಪಿಚ್, ಗೆದ್ದರೆ ಕೊಟ್ರಯ್ಯನ ಮುಯ್ಯಿಯಂತೆ ಪಿಚ್. ಮುಯ್ಯಿ ತೀರಿಸಲು ಕೆಸರಿಗೆ ಹೊರಟವನು ಇನ್ನೊಂದು ಮುಯ್ಯಿಗೆ ಇಲ್ಲವೆನ್ನುವುದು ಯಾವ ಬಾಯಿಂದ?

"ಆಗಲಿ ಸ್ವಾಮಿ," ಎಂದ ತಿರುಮಲ. "ಮೊದಲು ಕಪ್ ಗೆದ್ದು ತರ್ರಿ. ಆಮ್ಯಾಲೆ ಸಿಮೆಂಟೂ ಹಾಕ್ರಿ. ಮುಯ್ಯಿ ಒಂದಿನ ಅಂದ್ರ ಹೊತ್ತು ಮುಳುಗೋತನ; ಮುಳುಗಿದ ಕೂಡ್ಲೇ, ಅದು ಹಸಿ ಇದ್ದಾಗ್ಲೇ, ಬೂಟ್ ಹಾಕಿಸಿ ಅದರ ಮ್ಯಾಲೇ ನನ್ನ ಹುಡುಗ್ರಿಗೆ ಪ್ರ್ಯಾಕ್ಟೀಸ್ ಮಾಡಿಸ್ತೀನಿ."

ಅಷ್ಟು ಹೇಳಿ, ಹುಡುಗರಿಗೆ ತನ್ನನ್ನು ಕೆಳಗಿಳಿಸಲು ಸೂಚಿಸಿ, ಬೆಳಿಗ್ಗೆ ಕೆಸರಿಗೆ ಇಳಿಯಲು ಹಳೆಯ ಪ್ಯಾಂಟ್ ಯಾವುದಾದರೂ ಇದೆಯೇ ಎಂದು ಹುಡುಕಲು ಮನೆಯ ಕಡೆ ನಡೆದ.